ಅಂಜುವ ಮರಿಗೆ ಹಿಂದೆ ಸರಿಯುವ ದಾರಿ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು, ಉಡುಪಿಯ ಬಳಿಯ ಕಲ್ಯಾಣಪುರದ ನಮ್ಮ ಮನೆಗೆ ಸುಮಾರು 10 ವಾರದ ಹೆಣ್ಣು ನಾಯಿಮರಿಯೊಂದು ಬಂದಿತು. ಮಲ್ಪೆಯ ಕಡೆ ಒಂದು ಹಳೆಯ ಗೋದಾಮಿನ ಹಿಂದೆ ಹುಟ್ಟಿ, ಮನುಷ್ಯರ ಕೈ ಹೆಚ್ಚು ಸೋಕದೆ ಬೆಳೆದಿದ್ದ ಊರನಾಯಿಯ ಮರಿ ಅದು. ಹಣೆಯ ಮೇಲೆ ಬಿಳಿಯ ಮಚ್ಚೆಯಿದ್ದುದರಿಂದ ಚುಕ್ಕಿ ಎಂದು ಹೆಸರಿಟ್ಟೆವು. ಮೊದಲ ಮೂರು ದಿನ ಅದು ಅಡುಗೆಮನೆಯ ಅಕ್ಕಿ ಡಬ್ಬದ ಹಿಂದಿನಿಂದ ಹೊರಬಂದದ್ದು ರಾತ್ರಿ ನಾವೆಲ್ಲ ಮಲಗಿದ ಮೇಲೆ ಮಾತ್ರ. ಬೆಳಿಗ್ಗೆ ಮೀನಿನ ಗಾಡಿಯ ಹಾರನ್ ಕೇಳಿದರೆ ನಿಂತಲ್ಲೇ ಮೂತ್ರ ಮಾಡಿಕೊಳ್ಳುತ್ತಿತ್ತು, ಅಂಗಳದಲ್ಲಿ ಒಣಗಿದ ತೆಂಗಿನ ಮಡಲು ಬಿದ್ದರೆ ಅರ್ಧ ದಿನ ಅನ್ನ ಮುಟ್ಟುತ್ತಿರಲಿಲ್ಲ.

ಮನೆಗೆ ಬಂದವರೆಲ್ಲರ ಸಲಹೆ ಹೆಚ್ಚುಕಡಿಮೆ ಒಂದೇ ಆಗಿತ್ತು. ‘ಹೀಗೆ ಮೂಲೆಯಲ್ಲಿ ಬಿಟ್ಟರೆ ಅದರ ಹೆದರಿಕೆ ಹೋಗುವುದುಂಟಾ ಮಾರಾಯ್ರೇ? ನಾಲ್ಕು ಜನರ ನಡುವೆ ಕರೆದುಕೊಂಡು ಹೋಗಿ, ತನ್ನಷ್ಟಕ್ಕೇ ಅಭ್ಯಾಸವಾಗುತ್ತದೆ’ ಎಂದು ನೆರೆಮನೆಯ ಹಿರಿಯರು ಹೇಳಿದರು. ನಾನೂ ಅದನ್ನು ನಂಬಿ, ಒಂದು ಭಾನುವಾರ ಸಂಜೆ ಮರಿಯನ್ನು ಎತ್ತಿಕೊಂಡು ಮಲ್ಪೆಯ ಕಡಲತೀರಕ್ಕೆ ಹೋದೆ. ಅಷ್ಟು ಜನ, ಅಲೆಯ ಸದ್ದು, ಚರುಮುರಿಯವರ ಕೂಗು, ಮಕ್ಕಳ ಓಡಾಟ ಇದ್ದರೂ ಅದು ಕೂಗಲಿಲ್ಲ, ಒದ್ದಾಡಲಿಲ್ಲ. ನನ್ನ ತೋಳಿನಲ್ಲಿ ಕಲ್ಲಿನಂತೆ ಕುಳಿತಿತ್ತು. ಯಾರೋ ತಲೆ ಸವರಿ ‘ಎಷ್ಟು ಪಾಪದ ಮರಿ’ ಎಂದರು. ಔಷಧ ಕೆಲಸ ಮಾಡಿತು ಎಂದುಕೊಂಡು ಮನೆಗೆ ಬಂದೆ. ಮರುದಿನದಿಂದ ಅದು ನನ್ನ ಹೆಜ್ಜೆಯ ಸದ್ದಿಗೂ ಅಕ್ಕಿ ಡಬ್ಬದ ಹಿಂದೆ ಸರಿಯತೊಡಗಿತು.

ಆ ನಿಶ್ಚಲತೆಯನ್ನು ನಾನು ಶಾಂತಿ ಎಂದು ಓದಿದ್ದೆ; ಅದು ಓಡಲು ದಾರಿಯಿಲ್ಲದ ಪ್ರಾಣಿಯ ಸ್ತಬ್ಧತೆಯಾಗಿತ್ತು. ಅಂಜುಬುರುಕ ಮರಿಗಳ ವಿಷಯದಲ್ಲಿ ನಾವು ಮಾಡುವ ಬಹುಪಾಲು ತಪ್ಪುಗಳು ಈ ಒಂದು ತಪ್ಪು ಓದಿನಿಂದಲೇ ಹುಟ್ಟುತ್ತವೆ ಎಂಬುದು ಆಮೇಲೆ ತಿಳಿಯಿತು. ಧೈರ್ಯವನ್ನು ಮರಿಯೊಳಗೆ ಹೊರಗಿನಿಂದ ತುಂಬಲು ಬರುವುದಿಲ್ಲ. ತನಗೆ ಬೇಡವಾದದ್ದರಿಂದ ದೂರ ಹೋಗುವ ಅಧಿಕಾರ ತನ್ನ ಕಾಲಿನಲ್ಲೇ ಇದೆ ಎಂದು ಮತ್ತೆ ಮತ್ತೆ ಅನುಭವಕ್ಕೆ ಬಂದ ಮರಿ ಮಾತ್ರ ಹತ್ತಿರ ಹೋಗುವ ಸಾಹಸ ಮಾಡುತ್ತದೆ. ಅದು ಹೇಗೆ, ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ನಾಯಿಮರಿ ಹುಟ್ಟುವಾಗ ಅದರ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳತೊಡಗುತ್ತದೆ, ಮತ್ತು ಅಲ್ಲಿಂದ ಸುಮಾರು 12 ವಾರಗಳವರೆಗೆ ಅದರ ಮೆದುಳು ‘ಈ ಲೋಕದಲ್ಲಿ ಸಹಜವಾದದ್ದು ಯಾವುದು’ ಎಂಬ ಪಟ್ಟಿಯನ್ನು ಬಹಳ ಬೇಗ ಬರೆದುಕೊಳ್ಳುತ್ತಿರುತ್ತದೆ. ಈ ಅವಧಿಯಲ್ಲಿ ನೆಮ್ಮದಿಯಿಂದ ಕಂಡದ್ದು, ಕೇಳಿದ್ದು, ಮೆಟ್ಟಿದ್ದು ಮುಂದೆ ಸಾಮಾನ್ಯವೆನಿಸುತ್ತದೆ. ಕಾಣದೇ ಉಳಿದದ್ದು ಅನುಮಾನದ ವಸ್ತುವಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಿಂದ ಈ ತಿಳಿವಳಿಕೆ ಗಟ್ಟಿಯಾಯಿತು. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಎತ್ತರದ ಬೇಲಿಯ ಬಯಲಿನಲ್ಲಿ ತಾಯಿಯೊಡನೆ ಬೆಳೆಸಿ, ಬೇರೆಬೇರೆ ವಯಸ್ಸಿನಲ್ಲಿ ಮನುಷ್ಯರ ಒಡನಾಟಕ್ಕೆ ತರಲಾಯಿತು. 14 ವಾರಗಳವರೆಗೆ ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಎಷ್ಟು ಓಲೈಸಿದರೂ ಕಾಡುಪ್ರಾಣಿಗಳಂತೆ ದೂರವೇ ಉಳಿದವು. ನಮ್ಮ ಚುಕ್ಕಿ ಲೋಕವನ್ನು ಒಪ್ಪಿಕೊಳ್ಳುವ ಆ ಬಾಗಿಲು ಮುಚ್ಚುವ ಹೊತ್ತಿಗೆ ಮನೆಗೆ ಬಂದಿತ್ತು. ಇದರ ಜೊತೆಗೆ ತಂದೆತಾಯಿಯಿಂದ ಬಂದ ಸ್ವಭಾವವೂ, ಬಸುರಿಯಾಗಿದ್ದಾಗ ತಾಯಿ ಪಟ್ಟ ಹಸಿವು ಮತ್ತು ಹೆದರಿಕೆಯೂ ಸೇರುತ್ತವೆ. ಆದ್ದರಿಂದ ‘ಯಾರೋ ಹೊಡೆದಿರಬೇಕು’ ಎಂದು ಪ್ರತಿ ಅಂಜುಬುರುಕ ಮರಿಯ ಹಿಂದೆ ಒಬ್ಬ ಕ್ರೂರಿಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ; ಬಹಳ ಸಲ ಆ ಮರಿಗೆ ಕೆಟ್ಟದ್ದೇನೂ ಆಗಿರುವುದಿಲ್ಲ, ಆಗಬೇಕಾಗಿದ್ದ ಒಳ್ಳೆಯದು ಆಗಿರುವುದಿಲ್ಲ, ಅಷ್ಟೆ.

ಇಲ್ಲೊಂದು ನಿಜವಾದ ತೊಡಕಿದೆ. ಲೋಕ ತೋರಿಸಬೇಕಾದ ವಾರಗಳೂ ಲಸಿಕೆ ಪೂರ್ಣವಾಗದ ವಾರಗಳೂ ಒಂದೇ. ಮೊದಲ ಲಸಿಕೆ ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಆರಂಭವಾಗಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮರುಕಳಿಸಿ, 16 ವಾರ ತುಂಬುವವರೆಗೂ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳ ಸುಮಾರಿಗೆ ಬರುತ್ತದೆ. ಮರಿಗಳ ಜೀವಕ್ಕೇ ಅಪಾಯ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಕರಾವಳಿಯ ಮಳೆಗಾಲದ ನಿಂತ ನೀರಿನಲ್ಲಿ ಇಲಿಜ್ವರದ ಭಯ ನಾಯಿಗೂ ಇದೆ, ಮನುಷ್ಯರಿಗೂ ಇದೆ. ಹಾಗೆಂದು 16 ವಾರ ಮರಿಯನ್ನು ಕೋಣೆಯೊಳಗೆ ಮುಚ್ಚಿಟ್ಟರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘವು 2008ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಮೊದಲ ಲಸಿಕೆಯಾಗಿ ಕನಿಷ್ಠ 7 ದಿನ ಕಳೆದ ಮರಿಗಳನ್ನು ಸ್ವಚ್ಛವಾದ ಜಾಗದಲ್ಲಿ ಇತರರೊಡನೆ ಬೆರೆಸಲು ಆರಂಭಿಸಬಹುದು ಎಂದು ಹೇಳಿದೆ. ನಮ್ಮ ಕಡೆಗೆ ಇದನ್ನು ಅನ್ವಯಿಸುವುದೆಂದರೆ, ನೆಲಕ್ಕೆ ಇಳಿಸದೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲೋ ಗೇಟಿನ ಒಳಗೋ ಕುಳಿತು ರಸ್ತೆ ತೋರಿಸುವುದು, ಲಸಿಕೆಯಾದ ಸಾಧು ನಾಯಿಯಿರುವ ಬಂಧುಗಳ ಮನೆಗೆ ಕರೆದೊಯ್ಯುವುದು, ಮೀನು ಮಾರುಕಟ್ಟೆಯ ಸುತ್ತಲಿನ ನೆಲ, ತೋಡಿನ ಬದಿ, ಬೀದಿನಾಯಿಗಳು ಮಲಗುವ ಜಾಗಗಳಿಂದ ದೂರ ಇಡುವುದು. ಊರಿನಲ್ಲಿ ಯಾವ ರೋಗ ಹಬ್ಬಿದೆ ಎಂಬುದು ಅಲ್ಲಿನ ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುತ್ತದೆಯಾದ್ದರಿಂದ ಅವರನ್ನು ಕೇಳಿಯೇ ತೀರ್ಮಾನಿಸಬೇಕು.

ಮರಿಯ ಭಾಷೆಯನ್ನು ಓದುವುದು ಮುಂದಿನ ಕೆಲಸ, ಮತ್ತು ನನ್ನ ಅಭಿಪ್ರಾಯದಲ್ಲಿ ಉಳಿದ ಎಲ್ಲಕ್ಕಿಂತ ಹೆಚ್ಚಿನ ಕೆಲಸ. ಬಾಲ ಕಾಲಿನ ಸಂದಿಗೆ ಸೇರಿದಾಗ, ಮೈ ನಡುಗಿದಾಗ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಅದಕ್ಕೆ ಎಷ್ಟೋ ಮೊದಲೇ ಮರಿ ಹೇಳಲು ಆರಂಭಿಸಿರುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆ, ಎದುರಿಗೆ ತಿಂಡಿಯಿಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಲ್ಲಿ ಮಾತ್ರ ನೋಡುವುದರಿಂದ ಕಣ್ಣಿನ ಬಿಳಿ ಕಾಣುತ್ತದೆ, ಮುಂಗಾಲೊಂದನ್ನು ಅರ್ಧಕ್ಕೆ ಎತ್ತಿ ನಿಲ್ಲುತ್ತದೆ, ಮೈಯ ಭಾರವನ್ನೆಲ್ಲ ಹಿಂಗಾಲಿಗೆ ಹಾಕುತ್ತದೆ. ಇವು ಒಂಟಿಯಾಗಿ ಕಂಡರೆ ಅರ್ಥವಿರದಿರಬಹುದು. ಎರಡು ಮೂರು ಒಟ್ಟಿಗೆ ಕಂಡರೆ ಮರಿ ‘ಇಷ್ಟು ಹತ್ತಿರ ಬೇಡ’ ಎಂದು ಕೇಳಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಆ ಕೋರಿಕೆಯನ್ನು ಯಾರೂ ಕೇಳಿಸಿಕೊಳ್ಳದಿದ್ದಾಗಲೇ ಅದು ಗುರುಗುಟ್ಟುವುದನ್ನೋ ಕಚ್ಚುವುದನ್ನೋ ಕಲಿಯುತ್ತದೆ. ಗುರುಗುಟ್ಟಿದ್ದಕ್ಕೆ ಗದರಿದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಆ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುವ ನಾಯಿಯಾಗುತ್ತದೆ. ಇನ್ನೊಂದು ಸುಲಭದ ಅಳತೆ ಆಹಾರ. ತನಗೆ ಪ್ರಾಣವಾದ ಬೇಯಿಸಿದ ಮೀನನ್ನೂ ಮರಿ ಮೂಸದೆ ಬಿಟ್ಟರೆ, ಅದು ಹೆದರಿಕೆಯ ಗಡಿ ದಾಟಿದೆ ಮತ್ತು ಆ ಹೊತ್ತಿನಲ್ಲಿ ಯಾವ ಪಾಠವೂ ತಲೆಗೆ ಹೋಗುವುದಿಲ್ಲ ಎಂದು ಅರ್ಥ.

ಓಡಲು ದಾರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದು ವಿಜ್ಞಾನಕ್ಕೆ ಗೊತ್ತಾದ ಬಗೆ ನೋವಿನದು. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರು ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟು ಪ್ರಯೋಗ ನಡೆಸಿದರು. ಒಂದು ಗುಂಪಿನ ನಾಯಿಗಳು ತಲೆಯಿಂದ ಫಲಕವನ್ನು ಒತ್ತಿ ಆಘಾತವನ್ನು ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪಿಗೆ ಅಷ್ಟೇ ಆಘಾತ ದೊರೆತರೂ ನಿಲ್ಲಿಸುವ ಉಪಾಯವಿರಲಿಲ್ಲ. ಆಮೇಲೆ ಎರಡೂ ಗುಂಪುಗಳನ್ನು ಗಿಡ್ಡ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲಿನವು ಹಾರಿ ಪಾರಾದವು. ಎರಡನೆಯ ಗುಂಪಿನ ಹೆಚ್ಚಿನವು ಹಾರಲು ಯತ್ನಿಸದೆ ಮಲಗಿಬಿಟ್ಟವು. ಇಂತಹ ಪ್ರಯೋಗವನ್ನು ಇಂದು ಓದುವುದೇ ಕಷ್ಟ, ಆದರೂ ಅದರಿಂದ ತಿಳಿದದ್ದನ್ನು ಬಿಟ್ಟುಬಿಡುವುದು ಆ ನಾಯಿಗಳಿಗೆ ಮಾಡುವ ಎರಡನೆಯ ಅನ್ಯಾಯವೆಂದು ನನಗೆ ಅನಿಸುತ್ತದೆ. ಸುಮಾರು 50 ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು, ‘ಏನು ಮಾಡಿದರೂ ಪ್ರಯೋಜನವಿಲ್ಲ’ ಎಂಬುದನ್ನು ಆ ನಾಯಿಗಳು ಕಲಿತವು ಎಂಬ ತಮ್ಮ ಮೊದಲಿನ ವಿವರಣೆಯನ್ನು ತಿರುಗಿಸಿ ಬರೆದರು. ದೀರ್ಘವಾದ ಸಂಕಟದಲ್ಲಿ ಸುಮ್ಮನೆ ಮಲಗುವುದು ಕಲಿತ ನಡತೆಯಲ್ಲ, ಅದು ಮೆದುಳಿನ ಸಹಜ ಪ್ರತಿಕ್ರಿಯೆ. ಪ್ರಾಣಿ ಕಲಿಯುವುದು ‘ಇದು ನನ್ನ ಹಿಡಿತದಲ್ಲಿದೆ’ ಎಂಬುದನ್ನು, ಮತ್ತು ಹಾಗೆ ಕಲಿತಾಗ ಮೆದುಳಿನ ಮುಂಭಾಗದ ಒಂದು ವಲಯವು ಆ ಸ್ತಬ್ಧತೆಯನ್ನು ತಡೆಹಿಡಿಯುತ್ತದೆ ಎಂಬುದು ಅವರ ಹೊಸ ನಿಲುವು. ಮೊದಲು ಹಿಡಿತದ ಅನುಭವವಾದ ನಾಯಿಗಳು ಆಮೇಲೆ ತಪ್ಪಿಸಿಕೊಳ್ಳಲಾಗದ ಕಷ್ಟ ಬಂದರೂ ಎದೆಗುಂದಲಿಲ್ಲ ಎಂಬುದು 1967ರಲ್ಲೇ ಕಂಡುಬಂದಿತ್ತು. ಕಡಲತೀರದಲ್ಲಿ ನನ್ನ ತೋಳಿನಲ್ಲಿದ್ದ ಚುಕ್ಕಿ ಯಾವ ಗುಂಪಿನಲ್ಲಿತ್ತು ಎಂದು ಇದನ್ನು ತಿಳಿದ ದಿನ ನನಗೆ ಅರ್ಥವಾಯಿತು.

ಹಾಗಾದರೆ ಮರಿಯನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ? ಅಲ್ಲ. ಹೆದರಿಸುವ ವಸ್ತುವನ್ನು ಹೆದರಿಕೆಯಾಗದಷ್ಟು ದೂರದಲ್ಲಿಟ್ಟು, ಅದರ ಬೆನ್ನಿಗೇ ಒಳ್ಳೆಯದೊಂದು ಬರುವಂತೆ ಮಾಡಿ, ಮರಿ ಒಪ್ಪಿದಷ್ಟೇ ದೂರವನ್ನು ಕಡಿಮೆ ಮಾಡುತ್ತ ಹೋಗುವುದು ದಾರಿ. ಇದನ್ನು ಮೊದಲು ಎಚ್ಚರಿಕೆಯಿಂದ ದಾಖಲಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುವುದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ಮೊಲದ ಗೂಡನ್ನಿಟ್ಟು, ದಿನದಿಂದ ದಿನಕ್ಕೆ ಅದನ್ನು ಹತ್ತಿರ ತಂದರು; ಕೊನೆಗೆ ಹುಡುಗ ತಾನಾಗಿಯೇ ಮೊಲವನ್ನು ಮುದ್ದಿಸಿದ.

ನಮ್ಮ ಮೊಲ ಮೀನಿನ ಗಾಡಿಯ ಹಾರನ್ ಆಗಿತ್ತು. ಗಾಡಿ ಗೇಟಿನ ಮುಂದೆ ಬಂದು ನಿಂತು ಹಾರನ್ ಹೊಡೆದಾಗ ಚುಕ್ಕಿಗೆ ಬಂಗುಡೆ ತೋರಿಸಿ ಪ್ರಯೋಜನವಿಲ್ಲ, ಆಗ ಗಡಿ ದಾಟಿಯಾಗಿರುತ್ತದೆ. ಆದ್ದರಿಂದ ಗಾಡಿ ಇನ್ನೂ ಐದಾರು ಮನೆಯಾಚೆ ಇರುವಾಗ, ಹಾರನ್ ಕ್ಷೀಣವಾಗಿ ಕೇಳುವ ಹಿತ್ತಿಲಿನ ಬಾಗಿಲ ಬಳಿ ನಾವು ಕುಳಿತೆವು; ಬಾಗಿಲು ತೆರೆದೇ ಇತ್ತು, ಮರಿಗೆ ಒಳಗೆ ಓಡಲು ದಾರಿ ಇತ್ತು. ಹಾರನ್ ಕೇಳಿದೊಡನೆ ಬೇಯಿಸಿ ಮುಳ್ಳು ತೆಗೆದ ಬಂಗುಡೆಯ ಕಡಲೆಕಾಳಿನಷ್ಟು ತುಣುಕು ಅದರ ಮುಂದೆ ಬೀಳುತ್ತಿತ್ತು, ಹಾರನ್ ನಿಂತರೆ ಮೀನೂ ನಿಲ್ಲುತ್ತಿತ್ತು. ಇಲ್ಲಿ ಅನುಕ್ರಮ ಬಹಳ ಮುಖ್ಯ. ಸದ್ದು ಮೊದಲು, ಮೀನು ಆಮೇಲೆ. ಇದು ತಲೆಕೆಳಗಾಗಿ ಮೀನು ಮೊದಲು ಬಂದು ಸದ್ದು ಆಮೇಲೆ ಬಂದರೆ, ಮೀನಿನ ವಾಸನೆಯೇ ‘ಇನ್ನು ಕೆಟ್ಟದ್ದು ಕಾದಿದೆ’ ಎಂಬ ಸೂಚನೆಯಾಗಿ, ಮರಿ ತಿಂಡಿಯನ್ನು ಕಂಡರೂ ಸಂಶಯಪಡತೊಡಗುತ್ತದೆ. ಗಂಟೆಯ ಸದ್ದು ಊಟದ ಮುನ್ಸೂಚನೆಯಾದಾಗ ಮಾತ್ರ ನಾಯಿಯ ಬಾಯಲ್ಲಿ ನೀರೂರುತ್ತದೆ. ಊಟ ಮುಗಿದ ಮೇಲೆ ಗಂಟೆ ಬಾರಿಸಿದರೆ ಅದಕ್ಕೆ ಅರ್ಥವಿರುವುದಿಲ್ಲ. ಗಾಡಿ ತರುವ ಅಕ್ಕನಿಗೆ ವಿಷಯ ಹೇಳಿದ್ದೆವು. ಅವರು ನಮ್ಮ ಗೇಟಿನ ಮುಂದೆ ಹಾರನ್ ಹೊಡೆಯುವುದನ್ನು ಬಿಟ್ಟು ಬಾಯಿಯಲ್ಲೇ ಕರೆಯತೊಡಗಿದರು, ಅದೊಂದು ದೊಡ್ಡ ಉಪಕಾರವಾಯಿತು. ಒಂಬತ್ತನೆಯ ದಿನ ದೂರದ ಹಾರನ್‌ಗೆ ಚುಕ್ಕಿ ಓಡುವ ಬದಲು ತಿರುಗಿ ನನ್ನ ಕೈ ನೋಡಿತು. ಆ ನೋಟ ಬಂದ ಮೇಲೆಯೇ ನಾವು ಹಿತ್ತಿಲಿನಿಂದ ಚಾವಡಿಗೆ, ಚಾವಡಿಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ಸರಿದದ್ದು. ಇದಕ್ಕೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು, ನಡುವೆ ಒಂದು ಗುಡುಗಿನ ರಾತ್ರಿ ಕಳೆದ ಮೇಲೆ ಮತ್ತೆ ಹಿತ್ತಿಲಿಗೇ ಮರಳಬೇಕಾಯಿತು.

ಹೆದರಿದ ಮರಿಯನ್ನು ಸಮಾಧಾನಪಡಿಸಿದರೆ ಹೆದರಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಇದು ತಪ್ಪು. ಕುಳಿತುಕೊಳ್ಳುವುದು, ಹಾರುವುದು, ಬೊಗಳುವುದು ನಡತೆಗಳು, ಬಹುಮಾನ ಸಿಕ್ಕರೆ ಅವು ಹೆಚ್ಚುತ್ತವೆ. ಭಯ ಒಂದು ಭಾವ. ಕತ್ತಲೆಗೆ ಹೆದರಿದ ಮಗುವನ್ನು ತಬ್ಬಿಕೊಂಡರೆ ಅದರ ಹೆದರಿಕೆ ಹೆಚ್ಚುವುದಿಲ್ಲವಲ್ಲ. ಮರಿ ತಾನಾಗಿ ಕಾಲ ಬಳಿ ಬಂದರೆ ಮೆಲ್ಲನೆ ಮೈ ಸವರಬಹುದು, ತಗ್ಗಿದ ದನಿಯಲ್ಲಿ ಮಾತನಾಡಬಹುದು. ಅಡಗಿಕೊಂಡದ್ದನ್ನು ಎಳೆದು ತಂದು ಮುದ್ದಿಸುವುದು ಮಾತ್ರ ಬೇಡ, ಏಕೆಂದರೆ ಅಡಗುವ ಜಾಗ ಮರಿಯ ಪಾಲಿಗೆ ಹಿಂದೆ ಸರಿಯುವ ದಾರಿಯ ಕೊನೆಯ ತುದಿ. ಅಕ್ಕಿ ಡಬ್ಬದ ಹಿಂದೆ ಒಂದು ಹಳೆಯ ಸೀರೆ ಹಾಸಿ, ಆ ಮೂಲೆಗೆ ಮನೆಯವರಾರೂ ಕೈ ಹಾಕಬಾರದೆಂದು ನಮ್ಮ ಅಮ್ಮ ನಿಯಮ ಮಾಡಿದರು. ಆಮೇಲೆಯೇ ಅದು ಹಗಲಿನಲ್ಲಿ ಹೊರಗೆ ಬಂದದ್ದು.

ನೆಂಟರ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪನ್ನು ಹೇಳಲೇಬೇಕು. ಬಿಸ್ಕತ್ತು ಕೈಯಲ್ಲಿ ಹಿಡಿದು ‘ಬಾ ಬಾ’ ಎಂದು ಕರೆಯುವುದು ಪ್ರೀತಿಯಿಂದಲೇ ಆದರೂ, ಹಸಿದ ಮರಿ ಕತ್ತು ಚಾಚಿ, ಹಿಂಗಾಲು ಹಿಂದೆಯೇ ಬಿಟ್ಟು, ತಿಂಡಿಯ ಆಸೆಗೆ ತನ್ನ ಗಡಿ ದಾಟಿ ಬರುತ್ತದೆ. ತಿಂದು ಮುಗಿದ ಕ್ಷಣ ತಾನು ಅಪರಿಚಿತರ ಕೈಯಳತೆಯಲ್ಲಿದ್ದೇನೆಂದು ಕಂಡು ಬೆಚ್ಚುತ್ತದೆ. ಅದರ ಬದಲು ನೆಂಟರು ಪಕ್ಕಕ್ಕೆ ತಿರುಗಿ ಕುಳಿತು, ಮರಿಯ ಕಣ್ಣನ್ನೇ ದಿಟ್ಟಿಸದೆ, ತಿಂಡಿಯ ತುಣುಕನ್ನು ಮರಿಯ ಹಿಂಬದಿಗೆ ಎಸೆಯಬೇಕು. ಮರಿ ಹಿಂದಕ್ಕೆ ಹೋಗಿ ತಿನ್ನುತ್ತದೆ, ದೂರವೂ ಸಿಗುತ್ತದೆ, ತಿಂಡಿಯೂ ಸಿಗುತ್ತದೆ, ಮತ್ತು ಇನ್ನೊಂದು ತುಣುಕಿಗಾಗಿ ತಿರುಗಿ ಬರುವ ಹೆಜ್ಜೆ ಪೂರ್ತಿಯಾಗಿ ಅದರದ್ದೇ ಆಗಿರುತ್ತದೆ. ಹೊರಗೆ ನಡೆಸುವಾಗಲೂ ಇದೇ ಮಾತು: ಕುತ್ತಿಗೆಯ ಬೆಲ್ಟಿಗಿಂತ ಎದೆಯ ಸುತ್ತ ಬರುವ ಹಾರ್ನೆಸ್ ಒಳ್ಳೆಯದು, ಹಗ್ಗ ಉದ್ದವಿರಲಿ, ಮರಿ ನಿಂತರೆ ನಾವೂ ನಿಲ್ಲಬೇಕು.

ಹೆದರಿಕೆ ಕಳೆಯುವುದಷ್ಟೇ ಅಲ್ಲದೆ, ತನ್ನಿಂದ ಏನೋ ಆಗುತ್ತದೆ ಎಂಬ ಅನುಭವವನ್ನೂ ಕಟ್ಟಬೇಕು. ಅದಕ್ಕೆ ಕರಾವಳಿಯ ಹಿತ್ತಿಲಿಗಿಂತ ಒಳ್ಳೆಯ ಶಾಲೆ ಬೇಕಾಗಿಲ್ಲ. ನಾನು ಹೆಚ್ಚು ನಂಬಿದ್ದು ಅಡಿಕೆ ಹಾಳೆಯನ್ನು. ಒಣಗಿದ ಹಾಳೆಯನ್ನು ನೆಲದ ಮೇಲಿಟ್ಟು, ಸುತ್ತಲೂ ಬೇಯಿಸಿದ ಕೋಳಿಯ ನಾರು ಚೆಲ್ಲಿ, ನಾನು ನಾಲ್ಕು ಮಾರು ದೂರ ಕುಳಿತೆ. ಮೊದಲ ದಿನ ಚುಕ್ಕಿ ಅಂಚಿನದ್ದನ್ನು ಮಾತ್ರ ತಿಂದಿತು. ಮೂರನೆಯ ದಿನ ಒಂದು ಕಾಲಿಟ್ಟಿತು, ಹಾಳೆ ಕರಕರ ಎಂದಿತು, ಚಂಗನೆ ಹಾರಿ ಹೋಯಿತು, ಸ್ವಲ್ಪ ಹೊತ್ತಿಗೆ ತಾನಾಗಿ ಮರಳಿ ಬಂದು ಮತ್ತೆ ಅದೇ ಕಾಲಿಟ್ಟಿತು. ಸದ್ದು ಮಾಡಿದ್ದು ತಾನೇ, ನಿಲ್ಲಿಸಿದ್ದೂ ತಾನೇ ಎಂದು ಮರಿಗೆ ತಿಳಿದ ಗಳಿಗೆ ಅದು. ವಾರ ಕಳೆಯುವಷ್ಟರಲ್ಲಿ ಹಾಳೆಯನ್ನು ಕಚ್ಚಿ ಅಂಗಳದ ತುಂಬ ಎಳೆದಾಡುತ್ತಿತ್ತು. ಹಳೆಯ ಗೋಣಿಯ ಮಡಿಕೆಯಲ್ಲಿ ತಿಂಡಿ ಅಡಗಿಸುವುದು, ರಟ್ಟಿನ ಪೆಟ್ಟಿಗೆಯೊಳಗೆ ಹುಡುಕಿಸುವುದು, ಊಟವನ್ನು ತಟ್ಟೆಯ ಬದಲು ಹುಲ್ಲಿನಲ್ಲಿ ಚೆಲ್ಲಿ ಮೂಸಿ ತಿನ್ನಲು ಬಿಡುವುದು ಎಲ್ಲವೂ ಇದೇ ಜಾತಿಯ ಅಭ್ಯಾಸಗಳು. ನುಣುಪಾದ ಟೈಲ್ಸ್ ನೆಲದಲ್ಲಿ ಕಾಲು ಜಾರಿ ಬಿದ್ದು, ಆ ಕೋಣೆಗೇ ಹೆದರುವ ಮರಿಗಳಿವೆ. ಅಲ್ಲಿ ಒಂದು ಚಾಪೆಯ ಹಾದಿ ಹಾಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಎಳೆಯ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ. ಬೆಳಿಗ್ಗೆ ಚುಚ್ಚುಮದ್ದು, ಮಧ್ಯಾಹ್ನ ನೆಂಟರು, ಸಂಜೆ ಗುಡುಗು ಎಂದು ಒಂದರ ಮೇಲೊಂದು ಬಿದ್ದ ದಿನ, ನಿನ್ನೆ ಸಹಿಸಿದ್ದನ್ನು ಇಂದು ಸಹಿಸಲಾರದು. ಮರುದಿನ ಏನನ್ನೂ ಕಲಿಸದೆ ಮಲಗಲು ಬಿಡುವುದೇ ಸರಿ. ಏಳೆಂಟು ತಿಂಗಳ ಹರೆಯದಲ್ಲಿ ಹೋಗಿದ್ದ ಅಂಜಿಕೆಗಳು ಒಮ್ಮೆ ಮರಳುವುದುಂಟು, ಆಗ ಮತ್ತೆ ದೂರ ಹೆಚ್ಚಿಸಿದರೆ ಸಾಕು. ಆದರೆ ಚೆನ್ನಾಗಿದ್ದ ಮರಿ ಇದ್ದಕ್ಕಿದ್ದಂತೆ ಮುಟ್ಟಿದರೆ ಬೆಚ್ಚತೊಡಗಿದರೆ ಮೊದಲು ನೋವಿಗಾಗಿ ಪರೀಕ್ಷೆ ಮಾಡಿಸಬೇಕು. ಕಿವಿಯ ಸೋಂಕು, ಉಣುಗಿನಿಂದ ಬರುವ ಜ್ವರ, ಕೀಲುನೋವು ಇವೆಲ್ಲ ಹೆದರಿಕೆಯ ವೇಷದಲ್ಲಿ ಬರುತ್ತವೆ. ವಾರಗಟ್ಟಲೆ ಯತ್ನಿಸಿದರೂ ಮರಿ ಊಟ ಬಿಟ್ಟು ಅಡಗಿಯೇ ಇದ್ದರೆ ಪಶುವೈದ್ಯರು ಭಯ ತಗ್ಗಿಸುವ ಔಷಧ ಕೊಡಬಲ್ಲರು. ಅದನ್ನು ಸೋಲೆಂದು ಭಾವಿಸಬಾರದು. ಮೈಯನ್ನು ಮಾತ್ರ ಜಡಗೊಳಿಸಿ ಒಳಗಿನ ಭಯವನ್ನು ಹಾಗೆಯೇ ಉಳಿಸುವ ಔಷಧಗಳೂ ಇರುವುದರಿಂದ, ಕೊಡುತ್ತಿರುವುದು ಯಾವುದು ಎಂದು ಕೇಳಿ ತಿಳಿಯುವ ಹಕ್ಕು ಸಾಕುವವರಿಗಿದೆ.

ಈಗ ನಮ್ಮ ಮುಂದೆ ಅಷ್ಟಮಿಯಿದೆ. ಉಡುಪಿಯಲ್ಲಿ ಅಷ್ಟಮಿಯ ಮರುದಿನ ನಡೆಯುವ ಮೊಸರುಕುಡಿಕೆಯ ಉತ್ಸವವಾದ ವಿಟ್ಲಪಿಂಡಿಯ ಸುಮಾರಿಗೆ ಹುಲಿವೇಷದ ತಂಡಗಳು ತಾಸೆ ಎಂಬ ಚರ್ಮವಾದ್ಯ ಬಾರಿಸಿಕೊಂಡು ಮನೆಮನೆಗೆ ಬರುತ್ತವೆ, ಜೊತೆಗೆ ಪಟಾಕಿಯೂ ಸಿಡಿಯುತ್ತದೆ. ಮನುಷ್ಯರ ಕಿವಿ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅಂದರೆ ನಾವು ಕೇಳದ ಸದ್ದುಗಳನ್ನೂ ಅದು ಕೇಳುತ್ತಿರುತ್ತದೆ. ಒಂದು ತಿಂಗಳಿನಿಂದ ಚುಕ್ಕಿಯ ಊಟದ ಹೊತ್ತಿನಲ್ಲಿ ಫೋನಿನಲ್ಲಿ ತಾಸೆಯ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕುತ್ತಿದ್ದೇವೆ. ಈಗ ದನಿಯ ಗುರುತು ಮೂರನೆಯ ಗೆರೆಯಲ್ಲಿದೆ, ನಾಲ್ಕಕ್ಕೆ ಏರಿಸಿದ ದಿನ ಅದು ತಟ್ಟೆ ಬಿಟ್ಟು ತಲೆಯೆತ್ತಿತ್ತು, ಆದ್ದರಿಂದ ಮೂರಕ್ಕೇ ಮರಳಿದ್ದೇವೆ. ಫೋನಿನ ತಾಸೆಗೂ ಎದೆ ನಡುಗಿಸುವ ನಿಜದ ತಾಸೆಗೂ ಬಹಳ ಅಂತರವಿರುವುದರಿಂದ, ಆ ದಿನ ಚುಕ್ಕಿಯನ್ನು ಅಂಗಳಕ್ಕೆ ತರುವುದಿಲ್ಲ. ಒಳಕೋಣೆಯ ಕಿಟಕಿಗೆ ದಪ್ಪ ಹೊದಿಕೆ ಹಾಕಿ, ಫ್ಯಾನು ಜೋರಾಗಿ ತಿರುಗಿಸಿ, ಅಕ್ಕಿ ಡಬ್ಬವನ್ನೂ ಹಳೆಯ ಸೀರೆಯನ್ನೂ ಅಲ್ಲಿಗೇ ಸಾಗಿಸುವುದೆಂದು ಅಮ್ಮ ಈಗಾಗಲೇ ಹೇಳಿದ್ದಾರೆ.